ಉಜ್ಜುವ ಮೊದಲು ಓದಬೇಕಾದ ಕೋವಿ

ಉಳ್ಳಾಲದ ಆಸುಪಾಸಿನಲ್ಲಿ ಹಳೆಯ ಆಯುಧ ಯಾವುದು ಸಿಕ್ಕಿದರೂ ಅದರ ವಾರಸುದಾರರು ಮೊದಲೇ ನಿಶ್ಚಯ ಆಗಿರುತ್ತಾರೆ. ಕಡಲ ಬದಿಯ ಮನೆಯಲ್ಲಿ ಸಿಕ್ಕಿದರೆ ರಾಣಿ ಅಬ್ಬಕ್ಕ. ಘಟ್ಟದ ಕಡೆ ಸಿಕ್ಕಿದರೆ ಟಿಪ್ಪು ಸುಲ್ತಾನ. ಸುಳ್ಯದ ದಿಕ್ಕಿನಲ್ಲಾದರೆ 1837ರ ಕಲ್ಯಾಣಸ್ವಾಮಿಯ ದಂಡು. ಅಟ್ಟದಿಂದ ಒಂದು ತುಕ್ಕು ಹಿಡಿದ ಕೋವಿ ಇಳಿಸುತ್ತಾರೆ, ಫೋಟೊ ವಾಟ್ಸಾಪಿಗೆ ಬರುತ್ತದೆ, ಕೆಳಗೆ ‘ಅಬ್ಬಕ್ಕನ ಕಾಲದ್ದು’ ಅಂತ ಒಂದು ಸಾಲು. ವಾರ ಕಳೆದು ಎರಡನೇ ಫೋಟೊ. ಅದೇ ಕೋವಿ ಈಗ ಸ್ಟೀಲಿನ ಲೋಟದ ಹಾಗೆ ಹೊಳೆಯುತ್ತಿರುತ್ತದೆ, ಮರಕ್ಕೆ ವಾರ್ನಿಷ್ ಬಿದ್ದಿರುತ್ತದೆ, ಕೆಳಗೆ ಸಾಲು ಸಾಲಾಗಿ ಕೈಮುಗಿದ ಚಿತ್ರಗಳು. ನನ್ನ ತಕರಾರು ಎರಡೂ ಫೋಟೊಗಳ ಮೇಲೆ ಉಂಟು. ಮೊದಲನೆಯದನ್ನು ತಿದ್ದಬಹುದು. ಎರಡನೆಯದನ್ನು ತಿದ್ದಲಿಕ್ಕೆ ಆಗುವುದಿಲ್ಲ.

ಶಾಸನ ಓದುವವರಿಗೆ ಕೋವಿಯ ಉಸಾಬರಿ ಯಾಕೆ ಅಂತ ಕೇಳಬಹುದು. ನಾವು ತಾಮ್ರಪಟ ಓದುತ್ತೇವೆ, ನಾಣ್ಯ ಓದುತ್ತೇವೆ, ದೇವಸ್ಥಾನದ ಗಂಟೆಯ ಅಂಚಿನಲ್ಲಿ ದಾನಿಯ ಹೆಸರಿದ್ದರೆ ಅದನ್ನೂ ಬಿಡುವುದಿಲ್ಲ. ಸೈನ್ಯದ ಕೋವಿಯ ಮೇಲೆ ಏನಿರುತ್ತದೆ ನೋಡಿ: ಆಳುವವನ ಮುದ್ರೆ, ತಯಾರಾದ ಜಾಗ, ವರ್ಷ, ಪರೀಕ್ಷೆ ಮಾಡಿದವನ ಗುರುತು, ಯಾವ ಪಡೆಗೆ ಹೋಯಿತು ಎಂಬ ನಂಬರು. ಒಂದು ಸಾಧಾರಣ ದಾನಶಾಸನದಲ್ಲಿ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಆದರೂ ಕಬ್ಬಿಣದ ಮೇಲಿನ ಬರಹವನ್ನು ನಾವು ಸಂಗ್ರಹಕಾರರಿಗೂ ಹರಾಜು ಕಂಪನಿಗಳಿಗೂ ಬಿಟ್ಟುಕೊಟ್ಟಿದ್ದೇವೆ. ಅವರು ಓದುವುದು ಬೆಲೆ ಕಟ್ಟಲಿಕ್ಕೆ. ಅದು ತಪ್ಪಲ್ಲ, ಆದರೆ ಅದು ನಮ್ಮ ಓದು ಅಲ್ಲ.

ಕಾಲನಿರ್ಣಯದಿಂದಲೇ ಶುರು ಮಾಡುವಾ. ತೇದಿ ಇಲ್ಲದ ಕಲ್ಲು ಸಿಕ್ಕಿದರೆ ನಾವು ಅಕ್ಷರದ ಆಕಾರ ನೋಡುತ್ತೇವೆ. ಕೋವಿಯಲ್ಲಿ ಆ ಕೆಲಸ ಮಾಡುವುದು ಮದ್ದಿಗೆ ಬೆಂಕಿ ಹೇಗೆ ತಲುಪುತ್ತದೆ ಎಂಬ ಏರ್ಪಾಡು. ಮೊದಲು ಉರಿಯುವ ಬತ್ತಿಯನ್ನು ಕಿವಿತೂತಿನ ಮದ್ದಿಗೆ ತಾಗಿಸುವ ಕೋವಿ. ಆಮೇಲೆ ಚಕಮಕಿ ಕಲ್ಲು ಕಚ್ಚಿಕೊಂಡ ಕುದುರೆ ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿಸುವ ಕೋವಿ. ಮೂರನೆಯದು ನಮ್ಮ ಅಜ್ಜಂದಿರು ‘ಕೇಪಿನ ಕೋವಿ’ ಅನ್ನುತ್ತಿದ್ದದ್ದು. ತಾಮ್ರದ ಸಣ್ಣ ಟೋಪಿಯಂಥ ಕೇಪನ್ನು ಮೊಲೆಯಂಥ ಕೊಳವೆಗೆ ಸಿಕ್ಕಿಸಿ ಹೊಡೆಯುವುದು. ಕೊನೆಯದು ತೋಟೆ ಕೋವಿ. ಅಬ್ಬಕ್ಕ ಪೋರ್ಚುಗೀಸರ ಜೊತೆ ಬಡಿದಾಡಿದ್ದು 16ನೇ ಶತಮಾನದಲ್ಲಿ. ಆಗ ಪೋರ್ಚುಗೀಸರ ಕೈಯಲ್ಲಿ ಇದ್ದದ್ದು ಬತ್ತಿಯ ಕೋವಿ. 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಅವರೊಂದಿಗೆ ಹೋಗಿ ಇಳಿದದ್ದೂ ಇದೇ ಜಾತಿಯದ್ದು. ಹಾಗಾಗಿ ನಿಮ್ಮ ಕೋವಿಯ ಕುದುರೆಗೆ ಕಲ್ಲು ಕಚ್ಚುವ ದವಡೆ ಇದ್ದರೆ ಅಬ್ಬಕ್ಕನ ಮಾತು ಬಿಡಬೇಕು. ಕೇಪಿನ ಕೊಳವೆ ಇದ್ದರೆ ಟಿಪ್ಪುವಿನ ಮಾತೂ ಬಿಡಬೇಕು: ಬ್ರಿಟಿಷ್ ಸೈನ್ಯವೇ ಕೇಪಿಗೆ ಹೊರಳಿದ್ದು 1840ರ ಆಸುಪಾಸಿನಲ್ಲಿ.

ಇಲ್ಲಿ ಒಂದು ಗಂಟು ಉಂಟು. ಕೇಪು ಬಂದಾಗ ಹಳೆಯ ಚಕಮಕಿ ಕೋವಿಗಳನ್ನು ಯಾರೂ ಎಸೆಯಲಿಲ್ಲ, ಬದಲಾಯಿಸಿಕೊಂಡರು. ಮದ್ದಿನ ಬಟ್ಟಲು ಕಳಚಿದರು, ಕಿಡಿತಗಡು ತೆಗೆದರು, ಸ್ಕ್ರೂ ತೂತುಗಳಿಗೆ ಕಬ್ಬಿಣ ತುಂಬಿಸಿ ಸಮ ಮಾಡಿದರು, ಹೊಸ ಕುದುರೆ ಕೂರಿಸಿದರು. ಲಾಕ್‌ಪ್ಲೇಟು, ಅಂದರೆ ಕುದುರೆ ಕೂರುವ ಉಕ್ಕಿನ ತಗಡು, ಓರೆ ಬೆಳಕಿನಲ್ಲಿ ನೋಡಿದರೆ ಆ ಮುಚ್ಚಿದ ತೂತುಗಳ ದುಂಡು ಗೆರೆ ಕಾಣುತ್ತದೆ. ಹಳೆ ಶಾಸನದ ಕಲ್ಲನ್ನು ಮಗುಚಿ ಇನ್ನೊಂದು ಬರಹ ಕೆತ್ತಿದ್ದನ್ನು ನೋಡಿದವರಿಗೆ ಇದು ಹೊಸ ವಿಷಯ ಅಲ್ಲ. ಗ್ರೈಂಡರ್ ಹಿಡಿದವನಿಗೆ ಮಾತ್ರ ಆ ಗೆರೆ ಒಂದು ಕೊಳೆ.

ಅಬ್ಬಕ್ಕನನ್ನು ನಂಬಲಿಕ್ಕೆ ಕೋವಿ ಬೇಕಾಗಿಯೂ ಇಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಮಾತಾಡಿ ಬರೆದಿಟ್ಟಿದ್ದಾನೆ. ಅಂಥ ದಾಖಲೆ ಇರುವ ಊರಿಗೆ 1850ರ ಕೇಪಿನ ಕೋವಿಯನ್ನು ಸಾಕ್ಷಿ ನಿಲ್ಲಿಸಿದರೆ ಗಟ್ಟಿ ಇರುವ ಚರಿತ್ರೆಯನ್ನೇ ನಾವು ಹಗುರ ಮಾಡಿದ ಹಾಗಾಗುತ್ತದೆ.

ಟಿಪ್ಪುವಿನ ಕೋವಿಗಳ ವಿಷಯ ಬೇರೆ. ಅಲ್ಲಿ ನಿಜವಾಗಿಯೂ ಬರಹ ಇದೆ, ಓದಲಿಕ್ಕೆ ತಯಾರಿ ಬೇಕು. ‘ಸರ್ಕಾರ್-ಎ-ಖುದಾದಾದ್’ ಎಂಬ ರಾಜ್ಯದ ಹೆಸರು, ತಯಾರಾದ ಊರು (‘ಪಟನ್’ ಅಂದರೆ ಶ್ರೀರಂಗಪಟ್ಟಣ, ‘ನಗರ್’ ಅಂದರೆ ಬಿದನೂರು), ಹುಲಿಯ ಪಟ್ಟೆಯ ‘ಬಬ್ರಿ’ ಚಿಹ್ನೆ, ಅಕ್ಷರಗಳನ್ನೇ ಹೆಣೆದು ಮಾಡಿದ ಹುಲಿಮುಖದ ಮುದ್ರೆ, ಮತ್ತು ವರ್ಷ. ಎಡವುವುದು ವರ್ಷದಲ್ಲಿ. 1787ರ ಹೊತ್ತಿಗೆ ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಎಂಬ ತನ್ನದೇ ಶಕೆ ಜಾರಿಗೆ ತಂದ. ಚಾಂದ್ರ-ಸೌರ ಲೆಕ್ಕ, ನಮ್ಮ ಪ್ರಭವ ವಿಭವದ ಹಾಗೆ 60 ವರ್ಷಕ್ಕೆ 60 ಹೆಸರು. ಸಾಲದ್ದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅವನ ನಾಣ್ಯಗಳಲ್ಲಿ ಇದು ಸ್ಪಷ್ಟ: 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಆಯುಧ ಓದುವವರೂ ಇದನ್ನು ತಲೆಯಲ್ಲಿ ಇಟ್ಟುಕೊಂಡೇ ಕೂರಬೇಕು. (1221 ಮಾತ್ರ ಎರಡೂ ಕಡೆಯಿಂದ ಒಂದೇ. ಅಂಥ ಕೋವಿ ಸಿಕ್ಕಿದವನು ಪುಣ್ಯವಂತ.)

ಈಗ ಲೆಕ್ಕ ಹಾಕಿ. ಮೌಲೂದಿಗೆ ಸುಮಾರು 572 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ. ಮೌಲೂದಿ 1222 ಅಂದರೆ 1794-95. ಅದೇ 1222ನ್ನು ಹಿಜರಿ ಅಂತ ಓದಿದರೆ 1807 ಬರುತ್ತದೆ. ಟಿಪ್ಪು ಸತ್ತದ್ದು 1799ರ ಮೇ 4ರಂದು. ಅಂದರೆ ಅವನ ಮೌಲೂದಿ ತೇದಿಗಳನ್ನು ಹಿಜರಿ ಅಂತ ಓದಿದವನಿಗೆ 1215ರಿಂದ 1227ರ ತನಕದ ಪ್ರತಿಯೊಂದು ಅಸಲಿ ಆಯುಧವೂ ಟಿಪ್ಪು ಸತ್ತ ಮೇಲೆ ತಯಾರಾದ ನಕಲಿಯಾಗಿ ಕಾಣುತ್ತದೆ. ತಲೆಕೆಳಗು ತರ್ಕವೂ ಉಂಟು: ತೇದಿಯನ್ನು ನೀಟಾಗಿ ಎಡದಿಂದ ಬಲಕ್ಕೆ, ಹಿಜರಿಯಲ್ಲಿ, 1210 ಅಂತ ಕೆತ್ತಿದ ‘ಟಿಪ್ಪು ಕೋವಿ’ ಎದುರಿಗೆ ಬಂದರೆ ನಾನು ಮೊದಲು ಅನುಮಾನಪಡುತ್ತೇನೆ. ಬಬ್ರಿ ಪಟ್ಟೆ ಯಾರು ಬೇಕಾದರೂ ಕೆತ್ತಬಹುದು, ಶಕೆಯ ಲೆಕ್ಕ ಗೊತ್ತಿಲ್ಲದೆ ತೇದಿ ಕೆತ್ತುವುದು ಕಷ್ಟ.

ಈ ಕೋವಿಗಳ ಬಗ್ಗೆ ಕೂತು ಕೆಲಸ ಮಾಡಿದವರಲ್ಲಿ ರಾಬಿನ್ ವಿಗಿಂಗ್ಟನ್ ದೊಡ್ಡ ಹೆಸರು. 1783ರಿಂದ 1799ರ ಟಿಪ್ಪು ಬಂದೂಕುಗಳ ಮೇಲೆ ಅವರ ಕ್ಯಾಟಲಾಗು 1992ರಲ್ಲಿ ಬಂತು. ಅವರೂ ಸಂಗ್ರಹಕಾರರೇ. ಅದರ ಆಚೆ ನಮಗೆ ಸುಲಭವಾಗಿ ಸಿಗುವುದು ಹರಾಜಿನ ಕ್ಯಾಟಲಾಗುಗಳು. 2015ರ ಏಪ್ರಿಲಿನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿ, ಕೋವಿ, ಕಂಚಿನ ಫಿರಂಗಿಗಳು 60 ಲಕ್ಷ ಪೌಂಡಿಗೂ ಮಿಕ್ಕಿ ಹೋದವು. ನಾನು ನೋಡಿದ ಇಂಥ ಕ್ಯಾಟಲಾಗುಗಳ ಫೋಟೊಗಳು ಅದ್ಭುತ. ಬರಹದ ಅನುವಾದವನ್ನೂ ಕೊಡುತ್ತಾರೆ. ಮೂಲಪಾಠವನ್ನು ಸಾಲು ಸಾಲಾಗಿ, ಯಾವ ಅಕ್ಷರ ಸ್ಪಷ್ಟ, ಯಾವುದು ಊಹೆ ಅಂತ ಗುರುತು ಮಾಡಿ ಕೊಡುವುದು ಅಪರೂಪ. ಪಡಿಯಚ್ಚಂತೂ ಕೇಳಲೇಬೇಡಿ. ಒಂದು ವೀರಗಲ್ಲನ್ನು ಹೀಗೆ ಅನುವಾದ ಮಾತ್ರ ಕೊಟ್ಟು ಪ್ರಕಟಿಸಿದ್ದರೆ ನಾವು ಸುಮ್ಮನಿರುತ್ತಿದ್ದೆವಾ?

ಅದಕ್ಕಿಂತ ನನ್ನನ್ನು ಹೆಚ್ಚು ಹಿಡಿದದ್ದು 2019ರ ಒಂದು ಹರಾಜು. ಇಂಗ್ಲೆಂಡಿನ ಬರ್ಕ್‌ಶೈರಿನ ಒಂದು ಮನೆಯ ಅಟ್ಟದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ತಂದದ್ದೆನ್ನಲಾದ ಸಾಮಾನುಗಳು ಸಿಕ್ಕಿದವು. ಅದರಲ್ಲಿ ಬೆಳ್ಳಿ ಕಟ್ಟಿನ ಒಂದು ಚಕಮಕಿ ಕೋವಿ ಮತ್ತು ಸಂಗೀನು. ಆ ಕೋವಿ 60,000 ಪೌಂಡಿಗೆ ಹೋಯಿತು. ಅದಕ್ಕೆ ಏಟು ಬಿದ್ದಿತ್ತು, ಒಡೆದಿತ್ತು. ಮಾರುವವರು ಆ ಗಾಯವನ್ನೇ ಮುಂದೆ ಮಾಡಿ, ಇದು ಯುದ್ಧದಲ್ಲಿ ಇದ್ದ ಕೋವಿ ಎಂದು ವಾದಿಸಿದರು. ವಾದ ಎಷ್ಟು ಗಟ್ಟಿ ಎಂಬುದು ಬೇರೆ ಚರ್ಚೆ. ಗಮನಿಸಬೇಕಾದ್ದು ಇಷ್ಟೆ: 220 ವರ್ಷ ಯಾರೂ ಅದನ್ನು ‘ಸರಿ’ ಮಾಡಲು ಹೋಗದೆ ಇದ್ದದ್ದರಿಂದ ಅಂಥ ವಾದ ಮಾಡಲು, ಅದನ್ನು ಪ್ರಶ್ನಿಸಲು, ಎರಡಕ್ಕೂ ಅವಕಾಶ ಉಳಿಯಿತು. ಒಬ್ಬ ಜಾಣ ಬಡಗಿ ಮರ ಬದಲಾಯಿಸಿದ್ದರೆ ಎರಡು ಬಾಗಿಲೂ ಮುಚ್ಚುತ್ತಿತ್ತು.

ಟಿಪ್ಪುವಿನ ಬಂಗಾರದ ಗೆರೆಯ ಕೋವಿ ನಮ್ಮ ಊರಿನ ಅಟ್ಟಗಳಲ್ಲಿ ಸಿಗುವ ಸಂಭವ ಕಡಿಮೆ. ಸಿಗುವ ಸಂಭವ ಹೆಚ್ಚು ಇರುವುದು ಕಂಪನಿಯ, ಆಮೇಲೆ ರಾಣಿಯ ಸರಕಾರದ, ಸಾಧಾರಣ ಸಿಪಾಯಿ ಬಂದೂಕು. ಕಂಪನಿಯ ಹಳೆಯ ಗುರುತು ಒಂದು ಹೃದಯದ ಆಕಾರ. ಅದನ್ನು ನಾಲ್ಕು ಭಾಗ ಮಾಡಿ ವಿ, ಇ, ಐ, ಸಿ ಅಕ್ಷರ ಹಾಕಿ, ಮೇಲೆ ನಮ್ಮ ಕಾಲದ 4ರ ಅಂಕಿಯಂಥ ಒಂದು ಗೀಟು. ಅಲ್ಲಿನ ವಿ ಅಂದರೆ ಯು; ‘ಯುನೈಟೆಡ್’ ಎಂಬುದರ ಹಳೆಯ ಬರವಣಿಗೆ. ಸುಮಾರು 1808ರಿಂದ ಹೃದಯ ಹೋಗಿ, ಕಿರೀಟ ಹಿಡಿದು ಹಿಂಗಾಲ ಮೇಲೆ ನಿಂತ ಸಿಂಹ ಬಂತು. ಹಾಗಾಗಿ ಸಿಂಹದ ಮುದ್ರೆಯ ಚಕಮಕಿ ಕೋವಿ ಸುಳ್ಯದ ಕಡೆ ಸಿಕ್ಕಿದರೆ ಅದು 1837ರ ದಂಗೆಯ ಕಾಲಕ್ಕೆ ಹೊಂದುತ್ತದೆ. ಹೊಂದುತ್ತದೆ ಅನ್ನುವುದಕ್ಕೂ ಆ ದಂಗೆಯಲ್ಲಿ ಇತ್ತು ಅನ್ನುವುದಕ್ಕೂ ನಡುವೆ ಇರುವ ಅಂತರ ದಾಟಲಿಕ್ಕೆ ಪಡೆಯ ನಂಬರು ಬೇಕು. ಆ ನಂಬರು ಹೆಚ್ಚಾಗಿ ಇರುವುದು ಹೆಗಲಿಗೆ ಒರಗುವ ತುದಿಯಲ್ಲಿ, ಹಿತ್ತಾಳೆ ತಗಡು ಮೇಲಕ್ಕೆ ಬಾಗಿ ಬಂದ ನಾಲಗೆಯ ಮೇಲೆ. ಮನೆಯವರು ಆಯುಧಪೂಜೆಗೆ ಮೊದಲು ಹುಣಸೆಹುಳಿ ಹಾಕಿ ತಿಕ್ಕುವುದೂ ಸರಿಯಾಗಿ ಅದೇ ಜಾಗವನ್ನು. ನೂರೈವತ್ತು ನವರಾತ್ರಿಗಳ ಹುಳಿ ಬಿದ್ದ ಮೇಲೆ ಅಲ್ಲಿ ಉಳಿಯುವುದು ಒಂದು ನೆರಳು.

ನಮ್ಮಲ್ಲಿ ಕೂಟಶಾಸನದ ಚರ್ಚೆ ದೊಡ್ಡದು. ಗಂಗರ ತಾಮ್ರಪಟಗಳ ಮೇಲೆ ಫ್ಲೀಟ್ ಎತ್ತಿದ ತಕರಾರು ಶಾಸನ ಓದುವ ಎಲ್ಲರಿಗೂ ಗೊತ್ತು. ಕೋವಿಯಲ್ಲೂ ಕೂಟ ಇದೆ. ವಾಯವ್ಯ ಗಡಿಯ ಖೈಬರ್ ಕಣಿವೆಯ ಕಮ್ಮಾರರು ಬ್ರಿಟಿಷ್ ಬಂದೂಕುಗಳನ್ನು ಕೈಯಲ್ಲೇ ನಕಲು ಮಾಡಿ, ಮುದ್ರೆಯನ್ನೂ ನಕಲು ಮಾಡುತ್ತಿದ್ದರು. ಅಕ್ಷರ ಗೊತ್ತಿಲ್ಲದ ಕೈ ಆದ್ದರಿಂದ ‘ಎನ್‌ಫೀಲ್ಡ್’ ಎಂಬಲ್ಲಿ ಇಂಗ್ಲಿಷಿನ ಎನ್ ಅಕ್ಷರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ಕೂರುತ್ತಿತ್ತು. ಪ್ರವಾಸಿಗಳಿಗೆ ಮಾರಲು ಕಂಪನಿ ಸಿಂಹ ಹೊಡೆದ ಹೊಸ ‘ಹಳೆ’ ಕೋವಿಗಳೂ ಬೇಕಾದಷ್ಟು ತಯಾರಾಗಿವೆ. ಹಿಡಿಯುವ ಉಪಾಯ ಶಾಸನದ್ದೇ: ಲಿಪಿ ತಪ್ಪು, ಕಾಲ ತಪ್ಪು. ಹೃದಯದ ಮುದ್ರೆಯ ಪಕ್ಕ 1840 ಅಂತ ಇದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ.

ನಾನು ವೃತ್ತಿಯಲ್ಲಿ ಇಂಜಿನಿಯರು, ಹಾಗಾಗಿ ಲೋಹ ಸವೆದಿದೆ ಅಂತ ಯಾರಾದರೂ ಹೇಳಿದರೆ ಯಾಕೆ, ಎಲ್ಲಿ, ಎಷ್ಟು ಅಂತ ಕೇಳುವ ಚಾಳಿ. ಕೋವಿ ಗುರುತಿಸುವಾಗ ಅತಿ ಹೆಚ್ಚು ತಪ್ಪು ಆಗುವುದು ಈ ‘ಸವೆದಿದೆ’ ಎಂಬ ಒಂದು ಮಾತಿನಲ್ಲಿ. 1853ರ ಎನ್‌ಫೀಲ್ಡ್ ರೈಫಲು ಎಲ್ಲರಿಗೂ ಗೊತ್ತು. 1857ರಲ್ಲಿ ಕೊಬ್ಬು ಸವರಿದ ತೋಟೆಯ ಗಲಾಟೆ ಎದ್ದದ್ದು ಅದರ ಸುತ್ತ. ಅದರ ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಇರುತ್ತವೆ, ಒಳವ್ಯಾಸ 0.577 ಇಂಚು, ಸುಮಾರು 14.7 ಮಿಲಿಮೀಟರು. ದಂಗೆ ಅಡಗಿದ ಮೇಲೆ ಬ್ರಿಟಿಷರು ಒಂದು ಕೆಲಸ ಮಾಡಿದರು. ದೇಶಿ ಸಿಪಾಯಿಗಳಿಗೆ ಕೊಡುವ ಕೋವಿ ಗೋರಾ ಸೈನಿಕರ ಕೋವಿಯಷ್ಟು ದೂರ, ಅಷ್ಟು ನಿಖರವಾಗಿ ಹೊಡೆಯಬಾರದು. ಅದಕ್ಕೆ ಅದೇ ನಳಿಗೆಯನ್ನು ಒಳಗಿಂದ ಕೊರೆದು, ಗೆರೆಗಳನ್ನು ಅಳಿಸಿ, 0.656 ಇಂಚಿಗೆ ಅಗಲ ಮಾಡಿದರು. ಅದು 1858ರ ಮಾದರಿ. ಕೊರೆದ ಮೇಲೆ ನಳಿಗೆಯ ಗೋಡೆ ತೆಳುವಾಗಿ ಬಾಳಿಕೆ ಬರಲಿಲ್ಲ, ಹಾಗಾಗಿ 1859ರ ಮಾದರಿಯಲ್ಲಿ ಮೊದಲೇ ದಪ್ಪ ಗೋಡೆಯ ನಳಿಗೆ ಮಾಡಿದರು. ದೂರದ ಗುರಿ ಹಿಡಿಯುವ ಏರಿಳಿಯುವ ಸೈಟನ್ನೂ ತೆಗೆದು ಸ್ಥಿರವಾದ ಒಂದನ್ನು ಹಾಕಿದರು.

ಈಗ ಈ ಕೋವಿ ಒಬ್ಬ ಉತ್ಸಾಹಿಯ ಕೈಗೆ ಬಂದರೆ ಏನಾಗುತ್ತದೆ? ಹೊರಗಿಂದ 1853ರ ಎನ್‌ಫೀಲ್ಡಿನ ಹಾಗೇ ಇದೆ. ಟಾರ್ಚು ಹಾಕಿ ಒಳಗೆ ನೋಡುತ್ತಾನೆ, ಗೆರೆ ಇಲ್ಲ. ‘ರೈಫ್ಲಿಂಗ್ ಪೂರ್ತಿ ಸವೆದಿದೆ, ಸೈಟು ಕೂಡಾ ಯಾರೋ ಬದಲಾಯಿಸಿದ್ದಾರೆ’ ಅಂತ ಬರೆದುಕೊಳ್ಳುತ್ತಾನೆ. ಆಮೇಲೆ ‘ಮೂಲ ರೂಪಕ್ಕೆ’ ತರಲು ಹೊರಡುತ್ತಾನೆ. ಇದರ ಮೂಲ ರೂಪವೇ ಆ ಅಳಿಸಿದ ನಳಿಗೆ. ನಂಬಿಕೆ ಕಳೆದುಕೊಂಡ ಒಂದು ಸರಕಾರ ತನ್ನದೇ ಸಿಪಾಯಿಯ ಬಗ್ಗೆ ಉಕ್ಕಿನಲ್ಲಿ ಬರೆದ ಆಜ್ಞೆ ಅದು. ಶಾಸನದಲ್ಲಿ ಹಳೆ ದೊರೆಯ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದ ಜಾಗ ಎಷ್ಟು ಮುಖ್ಯವೋ ಇದೂ ಅಷ್ಟೇ.

ಸವೆತವನ್ನೂ ಕೊರೆತವನ್ನೂ ಬೇರೆ ಮಾಡುವುದು ಕಷ್ಟವೇನೂ ಅಲ್ಲ. ನಿಜವಾದ ಸವೆತ ಒಂದೇ ಸಮ ಇರುವುದಿಲ್ಲ. ಬಾಯಿಯ ಹತ್ತಿರ ಗಜ ತಿಕ್ಕಿ ತಿಕ್ಕಿ ನಳಿಗೆ ಒಂದು ಪಕ್ಕಕ್ಕೆ ಅಗಲ ಆಗಿರುತ್ತದೆ, ಮದ್ದು ಸುಡುವ ತಳದಲ್ಲಿ ಗುಳಿ ಬಿದ್ದಿರುತ್ತದೆ, ನಡುವೆ ಎಲ್ಲಾದರೂ ಹಳೆಯ ಗೆರೆಯ ಗುರುತು ಉಳಿದಿರುತ್ತದೆ. ಬೇಕೆಂದೇ ಕೊರೆದ ನಳಿಗೆ ತುದಿಯಿಂದ ತಳಕ್ಕೆ ಒಂದೇ ಅಳತೆ. ಬಾಯಿಯಲ್ಲಿ ಮಾತ್ರ ಕ್ಯಾಲಿಪರ್ ಇಟ್ಟು ಅಳೆದವನಿಗೆ ಇದು ಗೊತ್ತಾಗುವುದಿಲ್ಲ. ಒಳಗೆ ನಾಲ್ಕು ಕಡೆ ಅಳೆಯಬೇಕು. 0.656, ಅಂದರೆ 16.7 ಮಿಲಿಮೀಟರಿನ ಹತ್ತಿರ ಎಲ್ಲ ಕಡೆ ಬಂದರೆ ಪುಸ್ತಕ ತೆಗೆಯಿರಿ, ಗ್ರೈಂಡರ್ ಒಳಗಿಡಿ. 19 ಮಿಲಿಮೀಟರು ಬಂದರೆ ಅದು ಬೇರೆ ವಂಶ, ಕಂಪನಿ ಕಾಲದ 0.75 ಇಂಚಿನ ಇಂಡಿಯಾ ಮಾದರಿ ಆಗಿರಬಹುದು.

ಈ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ 0.303 ಲೀ-ಎನ್‌ಫೀಲ್ಡುಗಳ ನಳಿಗೆ ಕೊರೆದು, ಗೆರೆ ಅಳಿಸಿ, ಒಂದು ಸಲಕ್ಕೆ ಒಂದೇ ಗುಂಡು ಹೊಡೆಯುವ 0.410 ಮಸ್ಕೆಟ್ಟುಗಳನ್ನು ಪೊಲೀಸರಿಗೆಂದು ಮಾಡಿದರು. ಕಾರಣ ಅದೇ, ವರ್ಷ ಬೇರೆ. ಆ ಕೋವಿಗಳ ಬೋಲ್ಟಿನ ಹಿಂದಿನ ಕಬ್ಬಿಣದ ಪಟ್ಟಿ ಒಂದು ಪುಟ್ಟ ರಾಜವಂಶಾವಳಿ. ಕಿರೀಟದ ಕೆಳಗೆ ಜಿ ಆರ್ ಐ, ಇಷಾಪುರದ್ದಾದರೆ ಆರ್ ಎಫ್ ಐ, ವರ್ಷ, ಮಾದರಿ. ದೊಡ್ಡ ರಿಪೇರಿ ಆದಾಗ ಎಫ್ ಟಿ ಆರ್ ಎಂದು ಇನ್ನೊಂದು ವರ್ಷ. ಕವಾಯಿತಿಗೆ ಮಾತ್ರ ಲಾಯಕ್ಕಾದಾಗ ಡಿ ಪಿ. ಸ್ವಾತಂತ್ರ್ಯ ಬಂದ ಮೇಲೆ ತಯಾರಾದವುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹ. ಹಳೆಯ ಗುರುತು ರದ್ದಾದರೆ ಅದರ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದು ಹೊಡೆಯುತ್ತಿದ್ದರು. ಹಳೆಯದನ್ನು ಉಜ್ಜಿ ತೆಗೆಯುತ್ತಿರಲಿಲ್ಲ. ಸರಕಾರಿ ಕಾರ್ಖಾನೆಯ ಗುಮಾಸ್ತನಿಗೆ ಇದ್ದ ಈ ಮರ್ಯಾದೆ ನಮ್ಮ ರೀಸ್ಟೋರೇಶನ್ ವೀಡಿಯೊಗಳಲ್ಲಿ ಕಾಣುವುದಿಲ್ಲ.

ಶಾಸನ ಪ್ರಕಟಿಸುವಾಗ ನಮಗೊಂದು ಶಿಸ್ತು ಉಂಟು. ಅಕ್ಷರ ಹೋಗಿದ್ದರೆ ತ್ರುಟಿತ ಅಂತ ಹೇಳುತ್ತೇವೆ, ಊಹಿಸಿ ತುಂಬಿದರೆ ಚೌಕ ಆವರಣದಲ್ಲಿ ಹಾಕುತ್ತೇವೆ. ಓದುವವನಿಗೆ ಕಲ್ಲಿನಲ್ಲಿ ಇರುವುದು ಯಾವುದು, ಸಂಪಾದಕನ ತಲೆಯಲ್ಲಿ ಇರುವುದು ಯಾವುದು ಅಂತ ಗೊತ್ತಾಗಬೇಕು. ಕೋವಿಯ ದುರಸ್ತಿಯಲ್ಲಿ ಈ ಆವರಣವೇ ಇಲ್ಲ. ಸವೆದ ಸಿಂಹವನ್ನು ಉಳಿಯಲ್ಲಿ ‘ಸ್ವಲ್ಪ ಎತ್ತಿ ಕೊಟ್ಟರೆ’ ಅದು ಇವತ್ತಿನ ಸಿಂಹ. ಮುಂದೆ ಓದುವವನಿಗೆ ಆವರಣ ಕಾಣುವುದಿಲ್ಲ. ಶಾಸನದ ಅಕ್ಷರಗಳಿಗೆ ಎನಾಮಲ್ ಪೈಂಟ್ ತುಂಬಿಸಿ ತಪ್ಪು ಪಾಠವನ್ನು ಶಾಶ್ವತ ಮಾಡಿದ ಊರುಗಳನ್ನು ನಾವೆಲ್ಲ ನೋಡಿದ್ದೇವೆ. ಪೈಂಟನ್ನಾದರೂ ಕಷ್ಟಪಟ್ಟು ತೆಗೆಯಬಹುದು.

ಲೋಹದ ಒಂದು ಗುಣ ಇಲ್ಲಿ ತಿಳಿದಿರಬೇಕು. ಮುದ್ರೆಯನ್ನು ಸುತ್ತಿಗೆಯಿಂದ ಹೊಡೆದಾಗ ಅಕ್ಷರದ ಕೆಳಗಿನ ಲೋಹವೂ ಅದುಮಿಕೊಳ್ಳುತ್ತದೆ. ಮೇಲ್ಮೈ ಉಜ್ಜಿ ಹೋದರೂ ಆ ಅದುಮಿದ ಪದರ ಸ್ವಲ್ಪ ಆಳದ ತನಕ ಉಳಿಯುತ್ತದೆ. ಅಪರಾಧ ಪ್ರಯೋಗಾಲಯಗಳಲ್ಲಿ ಉಜ್ಜಿದ ನಂಬರನ್ನು ಆಮ್ಲ ಹಾಕಿ ಮತ್ತೆ ಕಾಣಿಸುವುದು ಇದರಿಂದಲೇ. ಚಾಣದಿಂದ ಕೊರೆದು ತೆಗೆದ ಅಕ್ಷರದಲ್ಲಿ ಕೆಳಗಿನ ಲೋಹ ಇಷ್ಟು ಅದುಮಿಕೊಂಡಿರುವುದಿಲ್ಲ. ಅಂದರೆ ತಯಾರಿಕೆಯ ಹೊಡೆದ ಮುದ್ರೆಗೆ ಉಜ್ಜಿದ ಮೇಲೂ ಒಂದು ಆಸೆ ಉಂಟು, ಹಿತ್ತಾಳೆಯ ಮೇಲೆ ತೆಳುವಾಗಿ ಕೆತ್ತಿದ ಪಡೆಯ ನಂಬರಿಗೆ ಅಷ್ಟಿಲ್ಲ. ಇದನ್ನು ಓದಿ ಮನೆಯಲ್ಲಿ ಆಮ್ಲ ಹಾಕಲು ಹೋಗಬೇಡಿ. ಆಮ್ಲ ಮೊದಲು ತಿನ್ನುವುದು ಉಳಿದದ್ದನ್ನೇ.

ನಮ್ಮ ಕರಾವಳಿಯಲ್ಲಿ ತುಕ್ಕಿನ ಲೆಕ್ಕವೇ ಬೇರೆ. ಉಳ್ಳಾಲದ ಗಾಳಿಯಲ್ಲಿ ಉಪ್ಪು ಉಂಟು, ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಉಪ್ಪು ಒಳಹೊಕ್ಕ ಕಬ್ಬಿಣ ಮೇಲೆ ಎಷ್ಟು ಉಜ್ಜಿದರೂ ಒಳಗಿಂದ ಕೆಲಸ ಮುಂದುವರಿಸುತ್ತದೆ; ಕಿತ್ತಳೆ ಬಣ್ಣದ ಸಣ್ಣ ಹನಿಗಳು ಕಂಡರೆ ಅದೇ ಗುರುತು. ಸಮುದ್ರದಿಂದ ಅಥವಾ ಅಳಿವೆಯ ಕೆಸರಿನಿಂದ ತೆಗೆದ ಕಬ್ಬಿಣವನ್ನಂತೂ ಒಣಗಲು ಬಿಡಬಾರದು. ಒಣಗಿದರೆ ಪದರ ಪದರವಾಗಿ ಸಿಡಿದು, ಮುದ್ರೆ ಇದ್ದ ಹೊರಚಿಪ್ಪೇ ಮೊದಲು ಉದುರುತ್ತದೆ. ನೀರಿನಲ್ಲೇ ಇಟ್ಟು ಬಲ್ಲವರಿಗೆ ಒಪ್ಪಿಸಬೇಕು. ಅಟ್ಟದ ಕೋವಿಗೆ ಇಷ್ಟು ಕಷ್ಟ ಇಲ್ಲ. ಸಡಿಲ ಕೆಂಪು ತುಕ್ಕನ್ನು ಎಣ್ಣೆ ಹಾಕಿ, ಭೂತಗನ್ನಡಿ ಹಿಡಿದು, ಮೃದುವಾಗಿ ತೆಗೆಯುವುದು. ಗಟ್ಟಿ ಕೂತ ಕಪ್ಪು-ಕಂದು ಪದರವನ್ನು ಹಾಗೇ ಬಿಡುವುದು. ಎಣ್ಣೆಯ ಪಸೆ ಪೂರ್ತಿ ತೆಗೆದ ಮೇಲೆ ಟ್ಯಾನಿಕ್ ಆಮ್ಲ ಸವರಿದರೆ ತುಕ್ಕು ನೀಲಿಗಪ್ಪಾಗಿ ಸ್ಥಿರವಾಗುತ್ತದೆ, ಮೇಲೆ ತೆಳುವಾಗಿ ಮೇಣ. ಅಣಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ತೆಂಗಿನೆಣ್ಣೆ ಮಾತ್ರ ಬೇಡ. ಅದು ಹಳಸಿ ಹಿತ್ತಾಳೆಯ ಮೇಲೆ ಹಸಿರು ಕಟ್ಟಿಸುತ್ತದೆ. ಮರಕ್ಕೆ ಮರಳುಕಾಗದವೂ ಬೇಡ. ಮರದಲ್ಲೂ ಮುದ್ರೆಗಳಿರುತ್ತವೆ, ಮಣ್ಣು ತುಂಬಿ ಕಾಣುವುದಿಲ್ಲ ಅಷ್ಟೆ. ಕೊಡಗಿನ ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರಲ್ಲ, ಹೂವಿನಿಂದ ಯಾವ ಮುದ್ರೆಗೂ ಪೆಟ್ಟಾಗುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಒಂದು. ಬಾಯಿಯಿಂದ ತುಂಬುವ ಹಳೆ ಕೋವಿಗಳಲ್ಲಿ ಎಷ್ಟೋ ಸಲ ಈಡು ಹಾಗೇ ಇರುತ್ತದೆ. ಮರದ ಕೋಲೊಂದನ್ನು ನಳಿಗೆಯೊಳಗೆ ಬಿಟ್ಟು ಎಷ್ಟು ಇಳಿಯಿತು ನೋಡಿ, ಅದೇ ಕೋಲನ್ನು ಹೊರಗೆ ಕಿವಿತೂತಿನ ತನಕ ಹಿಡಿದು ನೋಡಿ. ಒಳಗೆ ನಾಲ್ಕು ಬೆರಳು ಕಡಿಮೆ ಬಂದರೆ ಅಲ್ಲಿ ಮದ್ದು ಕೂತಿದೆ ಅಂತ ಭಾವಿಸಿ ಕೈ ಬಿಡಿ, ಪೊಲೀಸರಿಗೆ ಹೇಳಿ. ಕಪ್ಪು ಮದ್ದಿಗೆ ವಯಸ್ಸಾಗುವುದಿಲ್ಲ. 2018ರಲ್ಲಿ ಹೊಸನಗರ ತಾಲೂಕಿನ ಬಿದನೂರು ನಗರದ ಹಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಮಿಕ್ಕಿದ ರಾಕೆಟ್ಟುಗಳು ಸಿಕ್ಕಿದವಲ್ಲ, ಅಲ್ಲಿ ಸುಳಿವು ಕೊಟ್ಟದ್ದೇ ಮಣ್ಣಿಗೆ ಬರುತ್ತಿದ್ದ ಮದ್ದಿನ ವಾಸನೆ.

ಕಾನೂನಿನ ಮಾತನ್ನೂ ಹೇಳಬೇಕು, ಯಾಕೆಂದರೆ ದುರಸ್ತಿಯ ಹುಚ್ಚು ಇಲ್ಲಿ ನೇರ ತೊಂದರೆಗೆ ಹೋಗಿ ನಿಲ್ಲುತ್ತದೆ. 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ. ಆದರೆ ಷರತ್ತು ಬಿಗಿ: ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಕೋವಿಯಾಗಿ ಬಳಕೆಗೆ ಬರುವ ಹಾಗೆ ಇರಬಾರದು. ಕುದುರೆಗೆ ಹೊಸ ಸ್ಪ್ರಿಂಗು ಹಾಕಿಸಿ, ಕಿವಿತೂತು ಬಿಡಿಸಿ, ‘ಈಗಲೂ ಹೊಡೆಯುತ್ತದೆ ಮಾರಾಯ್ರೆ’ ಅಂತ ವೀಡಿಯೊ ಹಾಕಿದವನು ಆ ವಿನಾಯಿತಿಯನ್ನು ತನ್ನ ಕೈಯಿಂದಲೇ ಕಳೆದುಕೊಂಡ. ಮಣ್ಣಿನಲ್ಲಿ ಸಿಕ್ಕಿದ್ದಾದರೆ ನಿಧಿ ಕಾಯ್ದೆ ಬರುತ್ತದೆ. ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ್ದು 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಲೈಸೆನ್ಸಿನ ಬೆಳೆರಕ್ಷಣೆ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತು ಇಡುವ ನಮ್ಮ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾದ್ದು ಪೇಟೆಯ ಸಂಗ್ರಹಕಾರರಿಗೆ.

ದಸರೆ ಹತ್ತಿರ ಬರುತ್ತಿದೆ. ಮನೆಯಲ್ಲಿ ಕಾನೂನು ಪ್ರಕಾರ ಇರುವ ಹಳೆ ಕೋವಿ ಇದ್ದವರು ಹುಣಸೆಹುಳಿ ನೆನೆಹಾಕುವ ಮೊದಲು ಹಿಂಬದಿಯ ಹಿತ್ತಾಳೆ ನಾಲಗೆ, ಲಾಕ್‌ಪ್ಲೇಟು, ನಳಿಗೆಯ ತಳದ ಎಡಮೈ, ಈ ಮೂರು ಜಾಗಗಳನ್ನು ರಾತ್ರಿ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಮಲಗಿಸಿ ಹಿಡಿದು, ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ತೆಳು ಕಾಗದ ಇಟ್ಟು ಪೆನ್ಸಿಲ್ ಸೀಸ ಮಲಗಿಸಿ ತಿಕ್ಕಿದರೆ ಒಳ್ಳೆಯ ಪಡಿಯಚ್ಚು ಬರುತ್ತದೆ. ಅಳತೆಪಟ್ಟಿ ಪಕ್ಕದಲ್ಲಿರಲಿ, ನಳಿಗೆಯ ಒಳವ್ಯಾಸ ಬರೆದಿಡಿ. ಹಂಚಿಕೊಳ್ಳುವಾಗ ಮನೆಯ ಹೆಸರು, ಊರಿನ ಗುರುತು ಹಾಕಬೇಡಿ. ಕೋವಿ ಎಲ್ಲಿದೆ ಎಂಬುದು ಕಳ್ಳರಿಗೆ ಗೊತ್ತಾಗಬೇಕಾಗಿಲ್ಲ. ಓದಲಿಕ್ಕೆ ನಮಗೆ ಆ ಮೂರು ಜಾಗ ಸಾಕು.